ಅಂಚಿನಲ್ಲಿ ಕೆಂಪು

ನರಿನ್ ಊರಿನ ಹಾಸ್ಟೆಲಿನಲ್ಲಿ ಐಜಿರೆಕ್
ಮೂರನೇ ಅಧ್ಯಾಯ ತೆರೆದು ಮುಚ್ಚುತ್ತಾಳೆ.
ಗೈಡು ಅಂಚಿನಲ್ಲಿ ಬರೆದದ್ದು ಒಂದೇ:
ಕೆಂಪು ಪ್ರಶ್ನಾರ್ಥಕ ಚಿಹ್ನೆ.
ಬೈದಿದ್ದರೆ ಅತ್ತಾದರೂ ಮಲಗಬಹುದಿತ್ತು.

ಬರ್ಮೆತ್ ಆಗಲೇ ಬೈಂಡಿಗೆ ಕೊಟ್ಟಳಂತೆ.
ಗೆಳತಿಯ ಗೆಲುವು ಒಮ್ಮೊಮ್ಮೆ ಊರುಗೋಲು,
ಇವತ್ತು ಬೆನ್ನಿಗೆ ಬಿದ್ದ ಕೋಲು.

ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದಳು
ಮೊದಲ ವರ್ಷದವಳು:
"ಅಕ್ಕಾ, ಹಿಮನದಿಯ ಮಂಜುಗಡ್ಡೆ
ಕರಗದ ಹಾಗೆ ಕೊಯ್ಯೋದು ಹೇಗೆ?"
ಇವಳು ಗಾಳಿಯಲ್ಲೇ ಗರಗಸ ಆಡಿಸಿದಳು:
ಎರಡು ಜೊತೆ ಕೈಗವಸು, ಉಸಿರು ಆ ಕಡೆಗೆ,
ಅವಸರ ಬೇಡ.
ಬೆರಳು ನಡುಗಲಿಲ್ಲ. ಟಿಪ್ಪಣಿ ನೋಡಲಿಲ್ಲ.

ಹುಡುಗಿ ಹೋದ ಮೇಲೆ
ಅಷ್ಟು ಹೊತ್ತು ಮಾತಾಡಿದ್ದು ಯಾರೆಂದು
ಕೋಣೆಯಲ್ಲಿ ಸುಮ್ಮನೆ ಹುಡುಕಿದಳು.

ಆಮೇಲೆ ಹಾಳೆ ತೆರೆದಳು.
ಚಿಹ್ನೆ ಅಲ್ಲೇ ಇತ್ತು,
ಕಿವಿಯ ಹಾಗೆ ಬಾಗಿ.