ಬಲೆಯ ಮೇಲೊಂದು ಗೇಣು

ಯಾಬ್ಲೊನೆಟ್ಸ್ ಊರಿನ ಹಿಂಬದಿ, ಗಾಜಿನ ಕಾರ್ಖಾನೆಯ ಗೋಡೆಗೊರಗಿ
ಮೂರು ಟೆನಿಸ್ ಅಂಗಳ. ಇಟ್ಟಿಗೆ ಅರೆದು ಹಾಸಿದ ಕೆಂಪು.
ಏಪ್ರಿಲ್ ಕೊನೆಗೆ ರೋಲರ್ ಎಳೆದು, ನೀರು ಚಿಮುಕಿಸಿ
ಗೇಟು ತೆರೆಯುತ್ತಾರೆ. ಆಗಲೂ ನೆರಳಿನ ಮೂಲೆಯಲ್ಲಿ
ಮುಷ್ಟಿಯಷ್ಟು ಹಳೇ ಹಿಮ.

ನಾನು ರೈಲ್ವೆ ಯಾರ್ಡಿನವನು. ಇಪ್ಪತ್ತಾರು ವರ್ಷ
ಬೋಗಿಗೆ ಬೋಗಿ ಕೊಂಡಿ ಹಾಕಿದ ತೋಳು.
ಚೆಂಡು ಬಂದರೆ ಗೊತ್ತಿದ್ದದ್ದು ಒಂದೇ:
ಬಂದದ್ದಕ್ಕಿಂತ ಜೋರಾಗಿ ವಾಪಸು ಕಳಿಸುವುದು.
ಹಿಂದಿನ ತಂತಿಬೇಲಿ ಝಲ್ಲೆಂದರೆ ಸಾಕು,
ಪಾಯಿಂಟು ಹೋದರೂ ಸುಖ.

ಲಿಬೂಶೆಗೆ ಎಪ್ಪತ್ತಮೂರು. ಬಲಮಂಡಿಯಲ್ಲಿ ಸ್ಟೀಲು.
ಕ್ರಿಸ್ಮಸ್ ಗಿಡಕ್ಕೆ ತೂಗುಹಾಕುವ ಗಾಜಿನ ಗುಂಡುಗಳನ್ನು
ಊದುವವರ ಸಾಲಿನಲ್ಲಿ ಆಯುಷ್ಯ ಕೂತು ಎದ್ದವಳು.
ಸಂಜೆ, ಮಕ್ಕಳ ಬ್ಯಾಚು ಹೋದ ಮೇಲೆ,
ಒಂದು ಬಾಟಲಿ ಬಿಯರಿಗೆ ಒಂದು ಗಂಟೆ ಪಾಠ.

"ಡ್ರಾಪ್ ಶಾಟ್ ಕಲಿಸಿ" ಅಂದೆ.
"ಮೊದಲು ಆ ರ‍್ಯಾಕೆಟ್ಟಿನ ಕುತ್ತಿಗೆ ಬಿಡು ರಾಡಿಮ್,
ಅದಕ್ಕೂ ಉಸಿರು ಬೇಕು."

ಸಡಿಲಿಸಿದೆ. ರ‍್ಯಾಕೆಟ್ ಜಾರಿ ಕಾಲ ಮೇಲೆ ಬಿತ್ತು.
ಬಿಗಿಹಿಡಿದೆ. ಚೆಂಡು ಬೇಲಿಗೆ.
ನಡುವೆ ಎಲ್ಲೋ ಒಂದು ಹಿಡಿತ ಇದೆಯಂತೆ,
ಮಲಗಿದ ಮಗುವಿನ ಕೈಯಿಂದ ಗಿಲಕಿ ತೆಗೆಯುವಾಗಿನದು.

ಮೇ ತಿಂಗಳಿಡೀ ಬಲೆಗೆ ಬಡಿದೆ.
ಬಲೆಯ ಬುಡದಲ್ಲಿ ಚೆಂಡುಗಳು ಸಾಲಾಗಿ,
ಬಾಗಿಲು ತೆಗೆಯಲೆಂದು ಕಾದು ಕೂತ ಬೆಕ್ಕುಗಳ ಹಾಗೆ.
ದಾಟಿದವೋ, ಎಷ್ಟು ಎತ್ತರ ಏರಿದವೆಂದರೆ
ಲಿಬೂಶೆ ಕುಂಟಿಕೊಂಡು ಬಂದು, ಕನ್ನಡಕ ಒರೆಸಿ,
ಆಮೇಲೆ ಹೊಡೆಯುತ್ತಿದ್ದಳು.

"ನಿನ್ನ ಮುಖವೇ ಹೇಳಿಬಿಡುತ್ತೆ" ಅಂದಳು ಒಂದು ದಿನ.
"ಹೊಡೆಯೋಕೆ ಮೊದಲೇ ತುಟಿ ಚೂಪಾಗುತ್ತೆ,
ಸಾಲ ಕೇಳಲು ಬಂದವನ ಥರ.
ಭುಜ ಪೂರ್ತಿ ತಿರುಗಿಸು. ದೊಡ್ಡ ಏಟಿಗೆ ಹೊರಟವನೇ ಆಗಿರು.
ನೀನೂ ನಂಬು ಅದನ್ನ. ಕೊನೇ ಗಳಿಗೆಯಲ್ಲಿ
ಮನಸ್ಸು ಬದಲಾಯಿಸು."

ಮನಸ್ಸು ಬದಲಾಯಿಸುವುದು!
ಯಾರ್ಡಿನಲ್ಲಿ ಕೊನೇ ಗಳಿಗೆಗೆ ಅದನ್ನು ಮಾಡಿದವರ
ಬೆರಳು ಉಳಿದಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ಬಾಣಲೆ ಹಿಡಿದು ಅಭ್ಯಾಸ.
ಯಿಟ್ಕಾ ಸೂಪಿನಿಂದ ತಲೆಯೆತ್ತದೆ
"ಬಾಗಿಲನ್ನೂ ಹೀಗೇ ಹಾಕೋಕೆ ಕಲಿ" ಅಂದಳು.

ಜೂನ್ ಹನ್ನೊಂದು. ಬಿಸಿಲು ಇಳಿದಿತ್ತು, ಅಂಗಳ ಇನ್ನೂ ಒದ್ದೆ.
ಅವಳು ಬೇಸ್‌ಲೈನಿನ ಹಿಂದೆ. ನನ್ನ ಬ್ಯಾಕ್‌ಹ್ಯಾಂಡಿಗೆ
ಸೋಮಾರಿ ಚೆಂಡೊಂದು ಬಂತು.
ಭುಜ ತಿರುಗಿತು. ಏಟಿಗೇ ಹೊರಟಿದ್ದೆ, ದೇವರಾಣೆ.
ಆಮೇಲೆ ಕೈಗೆ ಏನೋ ಮರೆತುಹೋಯಿತು.
ಚೆಂಡಿನ ಕೆಳಗೆ ಅಂಚು ಹಾದುಹೋಯಿತು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಬಲೆಯ ಬಿಳಿಪಟ್ಟಿಯ ಮೇಲೊಂದು ಗೇಣು,
ಆಚೆ ಇಳಿದು
ಒಮ್ಮೆ,
ಮತ್ತೊಮ್ಮೆ, ಇನ್ನೂ ಗಿಡ್ಡಗೆ,
ಕೆಂಪು ಮಣ್ಣಲ್ಲಿ ನನ್ನ ಕಡೆಗೇ ಉರುಳಿ
ನಿಂತಿತು.

ಅವಳು ಓಡಲಿಲ್ಲ. ಎಡಗಾಲು ಮಾತ್ರ
ಅರ್ಧ ಹೆಜ್ಜೆ ಹೊರಟು, ಬಲಮಂಡಿಯ ನೆನಪಾಗಿ,
ಹಿಂದೆ ಬಂತು. ಅದನ್ನು ನೋಡಿಬಿಟ್ಟೆ.
ಕೇಕೆ ಹಾಕಲು ತೆರೆದ ಬಾಯಿ
"ಕ್ಷಮಿಸಿ" ಅಂದಿತು.

"ಏನಂದೆ?" ರ‍್ಯಾಕೆಟ್ ಎತ್ತಿಕೊಂಡೇ ಬಂದಳು, ಬೈಯುತ್ತ, ಕುಂಟುತ್ತ.
"ಆರು ವಾರ ನಿನ್ನ ಬಿಯರ್ ಕುಡಿದದ್ದು ಯಾಕೆ,
ನನಗೆ ಎಟುಕೋದನ್ನ ಕಲಿಸೋಕಾ?"
ಬಗ್ಗಲಾರದೆ, ಶೂ ತುದಿಯಿಂದ ತೋರಿಸಿದಳು:
ಒತ್ತೊತ್ತಿಗೆ ಎರಡು ಗುರುತು,
ಬಟಾಣಿ ಸಿಪ್ಪೆಯಷ್ಟು ಆಳ.
"ಇವತ್ತು ಇದನ್ನ ಗುಡಿಸಬೇಡ."

ಆಮೇಲಿನ ಹನ್ನೆರಡೂ ಬಲೆಗೆ ಹೋದವು.
ಹದಿಮೂರನೆಯದು ಬೇಲಿಗೆ, ಝಲ್ಲೆಂದು.
ಅವಳು ಬೆಂಚಿನ ಮೇಲೆ ಕೂತು ಬಾಟಲಿಯ ಮುಚ್ಚಳ ಕಿತ್ತಳು.
ನಾನು ಜಾಳಿಗೆ ಎಳೆಯುತ್ತ ಅಂಗಳ ಗುಡಿಸಿದೆ,
ಬಲೆಯ ಬಳಿ ಬಂದಾಗ
ಸುತ್ತು ಹಾಕಿ ಹೋದೆ.