ಹನ್ನೆರಡನೇ ತೂಬಿನ ಹಲಗೆ

ಪಾಂಡವಪುರದ ಬಸ್ಸಿಳಿದು ನೀರಗಂಟಿ ಕರಿತಿಮ್ಮಯ್ಯ
ಗಂಗೋತ್ರಿಯ ನಮ್ಮ ಲ್ಯಾಬಿಗೆ ತಂದದ್ದು
ಗೊಬ್ಬರದ ಚೀಲದಲ್ಲಿ ಸುತ್ತಿದ ಒಂದು ಮೊಳ ಮತ್ತಿಮರ.
ಮುಟ್ಟಿದರೆ ಅಚ್ಚುಬೆಲ್ಲ ಒಡೆದ ಹಾಗೆ
ಚೌಕ ಚೌಕ ಬಿರಿದು ಉದುರಿತು.

"ಗೆದ್ದಲಲ್ಲ ಕಣವ್ವ, ಗೆದ್ದಲು ನಂಗೊತ್ತು.
ಇದೇನೋ ಬ್ಯಾರೆ."

ತೂಗಿದೆ: ಮೂರರಲ್ಲೊಂದು ಪಾಲು ಇಲ್ಲ.
ಚಿಟಿಕೆ ಪುಡಿಯನ್ನು ಉಪ್ಪಿನೊಡನೆ ಅರೆದು, ಬಿಲ್ಲೆ ಒತ್ತಿ
ಅವಕೆಂಪು ಬೆಳಕಿಗೆ ಒಡ್ಡಿದೆ.
ಸೆಲ್ಯುಲೋಸಿನ ದಿಬ್ಬಗಳೆಲ್ಲ ಸವೆದು
ನಾಟಿಗೆ ಹದ ಮಾಡಿದ ಗದ್ದೆಯಂತೆ ಮಟ್ಟ.
ಸಾವಿರದ ಐನೂರ ಹತ್ತರ ಹತ್ತಿರ
ಲಿಗ್ನಿನ್ ಮಾತ್ರ ತಲೆಯೆತ್ತಿದೆ,
ಇಟ್ಟಿಗೆ ಕದ್ದೊಯ್ದ ಗೋಡೆಯಲ್ಲಿ
ಗಾರೆಯೊಂದೇ ನಿಂತ ಹಾಗೆ.

ವರದಿ ಇಲ್ಲಿಗೆ ಮುಗಿಯುತ್ತಿತ್ತು.
ಆದರೆ ಮೊಳೆಯ ತೂತಿನ ಸುತ್ತ ಬೆರಳಗಲ ಕಪ್ಪು,
ಕೊಳೆತದ್ದು ಅಲ್ಲೇ ಹೆಚ್ಚು.
ಬೂಷ್ಟಿಗೆ ಹಲ್ಲಿಲ್ಲ.
ಅದು ಪೆರಾಕ್ಸೈಡ್ ಹನಿಸುತ್ತದೆ, ಕಬ್ಬಿಣ ಹುಡುಕುತ್ತದೆ;
ಎರಡೂ ಕೂಡಿದಲ್ಲಿ ಉರಿ,
ಹೊಗೆಯಿಲ್ಲದೆ, ಒದ್ದೆಯೊಳಗೇ.

ಹೇಳಿದೆ.
ಅವರು ತೂತಿಗೆ ಕಿರುಬೆರಳಿಟ್ಟುಕೊಂಡು
ತುಂಬ ಹೊತ್ತು ಕೂತರು.
"ನಾನೇ ಹೊಡ್ದಿದ್ದು.
ನಾಲೆಗೆ ನೀರು ಬಿಡೋ ಹಿಂದಿನ್ ದಿನ.
ಬಿಗಿಯಾಗಿರ್ಲಿ ಅಂತ ಎಲ್ಡು ಹೆಚ್ಗೇ ಹೊಡ್ದೆ."

ನಮೂನೆಯಲ್ಲಿ 'ಕಾರಣ' ಎಂಬ ಖಾನೆಯಿದೆ.
ಕಬ್ಬಿಣ ಎಂದು ಬರೆದು, ಅದನ್ನು ಹೊಡೆದುಹಾಕಿ
ಶಿಲೀಂಧ್ರ ಎಂದು ಬರೆದೆ.
ಅವರಿಗೆ ಓದಲು ಬರುತ್ತಿತ್ತು,
ಗೀಟು ಎಳೆದದ್ದನ್ನೂ.

ಚೀಲ ಮಡಚಿ ಕಂಕುಳಿಗಿಟ್ಟು
ಬಾಗಿಲ ಹತ್ತಿರ ತಿರುಗಿ ನಿಂತರು:
"ಹೊಸ ಹಲಗ್ಗೆ
ಮರದ್ ಗೂಟ ಹೊಡುದ್ರೆ ತಡ್ಕತದಾ?"