ಎರಡು ದಾರ

ಶೆಟಿಕಾಂಪಿನ ನಮ್ಮ ಶೆಡ್ಡಿಗೆ ಆತ ಬಂದ ದಿನ
ಬೆಟ್ಟದಿಂದ ಕಡಲಿಗೆ ಧುಮುಕುವ ಸುಯೆತ್ ಗಾಳಿ
ಮಾಡಿನ ತಗಡನ್ನು ಬಾರಿಸುತ್ತಿತ್ತು.
"ಗಾಳಿಯೇ ಇರಬೇಕು," ಅಂದ ವಾರೆನ್ ಗುಷೂ,
ಹೆಲ್ಮೆಟ್ ತೆಗೆಯುವ ಮೊದಲೇ.
"ವೇಗ ಎಪ್ಪತ್ತಕ್ಕೆ ಇಳಿದರೆ ಸಾಕು, ಹ್ಯಾಂಡಲ್ಲು
ಥೇಟ್ ಚಳಿಜ್ವರ ಬಂದ ಹಾಗೆ."
ಪ್ಲಾಸೀಡ್ ಮಾವ ಕಾಫಿ ಕೆಳಗಿಟ್ಟ:
"ಗಾಳಿ ಯಾವತ್ತಪ್ಪಾ ಮೀಟರು ನೋಡಿ ಬೀಸಿದ್ದು?"

ನ್ಯೂಫೌಂಡ್‌ಲ್ಯಾಂಡಿನಿಂದ ಹಡಗೇರಿ ಬಂದ ಗಾಡಿ.
ಮುನ್ನೂರೆಂಬತ್ತು ಕಿಲೋ, ಮೂರು ಪೆಟ್ಟಿಗೆ,
ಹಿಂದಿನ ಸೀಟಿನ ಮೇಲೆ ಮಡಿಸಿ ಕಟ್ಟಿದ ಹೆಂಡತಿಯ ಮಳೆಕೋಟು.
ಆಕೆ ಈ ಸಲ ಬರಲೊಲ್ಲೆ ಅಂದಳಂತೆ.
ಯಾಕೆಂದು ಆತ ಹೇಳಲಿಲ್ಲ, ನಾವು ಕೇಳಲಿಲ್ಲ.
ಸೇಂಟ್ ಜಾನ್ಸಿನಲ್ಲಿ ಮುಂದಿನ ಟೈರು ಹೊಸದು,
ಗ್ಯಾಂಡರಿನಲ್ಲಿ ಕುತ್ತಿಗೆಯ ಬೇರಿಂಗು,
ಕಾರ್ನರ್ ಬ್ರೂಕಿನಲ್ಲಿ ಫೋರ್ಕಿನ ಎಣ್ಣೆ, ಸೀಲು.
ಊರಿಗೊಂದು ರಸೀದಿ.
ನಡುಕ ಮಾತ್ರ ಹಾಗೇ.

ಜ್ಯಾಕು ಕೊಟ್ಟು ಮುಂದಿನ ಚಕ್ರ ನೆಲಬಿಡಿಸಿದೆವು.
ಒಂದೇ ಬೆರಳಿನಿಂದ ಮಾವ ಹ್ಯಾಂಡಲ್ಲು ದೂಡಿದ:
ನಿದ್ದೆಯಲ್ಲಿ ಮಗು ಮಗ್ಗುಲು ಬದಲಿಸಿದಂತೆ
ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು,
ನಡುವೆ ಎಲ್ಲೂ ಕಚ್ಚಲಿಲ್ಲ.
ಫೋರ್ಕಿನ ಕಾಲು ಹಿಡಿದು ಎಳೆದ, ನೂಕಿದ.
ಟಕ್ ಅನ್ನಲಿಲ್ಲ.
ಚಕ್ರ ತಿರುಗಿಸಿ ಅಂಚಿಗೆ ಸ್ಕ್ರೂಡ್ರೈವರ್ ಹಿಡಿದ,
ಸುತ್ತಿಗೂ ಸಮ.
ಕೊನೆಗೆ ಕಣ್ಣುಮುಚ್ಚಿ ಅಂಗೈಯನ್ನು ಟೈರಿನ ಮೇಲೆ
ಹಾಗೂ ಹೀಗೂ ಸವರಿದ.
ಬೆಕ್ಕಿನ ನಾಲಗೆಯಂಥ ಒರಟು ಸಿಗುತ್ತದೇನೋ ಅಂತ.
ಸಿಗಲಿಲ್ಲ.

"ಮುಂದಿನದು ನಿರಪರಾಧಿ ಕಣಪ್ಪ.
ಎತ್ತಿಗೆ ಜ್ವರ. ಊರೂರಲ್ಲಿ ಎಮ್ಮೆಗೆ ಬರೆ ಎಳೆಸಿದ್ದೀಯ."

ಗುಷೂ ಮಂಡಿಯೂರಿ ಹಿಂದಿನ ಅಚ್ಚಿನ ಬಳಿಯ ಗೆರೆಗಳನ್ನು ತೋರಿಸಿದ:
"ನಾನೇ ಕೂರಿಸಿದ್ದು. ಆ ಕಡೆ ಮೂರನೇ ಗೆರೆ,
ಈ ಕಡೆಯೂ ಮೂರನೆಯದು."
"ಗೆರೆ ಕೊರೆದವನಿಗೂ," ಅಂದ ಮಾವ,
"ಮಧ್ಯಾಹ್ನ ಹಸಿವಾಗುತ್ತೆ."

ದಾರ ತಂದೆ. ನಳ್ಳಿ ಹಿಡಿಯುವ ಬೋನು ಹೆಣೆಯುವ
ನೀಲಿ ನೈಲಾನು. ಉಪ್ಪಿನ ವಾಸನೆ ಹೋಗೇ ಇಲ್ಲ.
ಹಿಂದೆ ಎರಡು ಬಣ್ಣದ ಡಬ್ಬಕ್ಕೆ ಕಟ್ಟಿ,
ಹಿಂದಿನ ಟೈರಿನ ಎರಡೂ ಕೆನ್ನೆ ಸೋಕಿಸಿ
ಮುಂದಕ್ಕೆಳೆದು ತಂದೆವು.
ಒಂದರ ತುದಿ ನನ್ನ ಕೈಲಿ, ಇನ್ನೊಂದು ಗುಷೂ ಕೈಲಿ.

ನನ್ನದು ನಿಂತಿತು.
ಆತನದು ನಿಲ್ಲಲಿಲ್ಲ.
ಬಿಗಿದಷ್ಟೂ ಸಣ್ಣಗೆ ಮಿಡಿಯುತ್ತಿತ್ತು,
ಮೀನು ಕಚ್ಚಿದೆಯೋ ಇಲ್ಲವೋ ಅನ್ನುವ ಗಾಳದ ಹಾಗೆ.
"ಗಾಳಿ," ಅಂದ.
ಬಾಗಿಲು ಮುಚ್ಚಿತ್ತು.
ನನ್ನ ಬಾಯಿ ತೆರೆಯಿತು. ಮಾವ ನನ್ನ ಕಡೆ ನೋಡಿದ.
ಮುಚ್ಚಿದೆ.
ಖಾಲಿ ಲೋಟ ತೆಗೆದುಕೊಳ್ಳುವವನ ಹಾಗೆ ಮಾವ
ಆತನ ಎಡಗೈಯಿಂದ ದಾರ ತೆಗೆದುಕೊಂಡು
ಹಳೇ ಲಂಗರಿಗೆ ಸುತ್ತಿ ಕಟ್ಟಿದ.
"ಕೂತ್ಕೋ. ಕಾಫಿ ಇನ್ನೂ ಬಿಸಿಯಿದೆ."

ಎಡಕ್ಕೆ ಹನ್ನೊಂದು ಮಿಲಿಮೀಟರ್ ಸಂದು, ಬಲಕ್ಕೆ ಆರು.
ಹಿಂದಿನ ಚಕ್ರ ಬೇರೆಲ್ಲೋ ನೋಡುತ್ತ
ಮುಂದಿನದನ್ನು ಹಿಂಬಾಲಿಸುತ್ತಿತ್ತು.
ಒಂದು ಕಡೆಯ ನಟ್ಟು ಕಾಲು ಸುತ್ತು. ಅಳೆ.
ಇನ್ನರ್ಧ ಕಾಲು. ಅಳೆ.
ಅಚ್ಚು ಬಿಗಿದರೆ ಮತ್ತೆ ಜಾರಿತು, ಮಾವ ಬೈದ,
ನನಗೆ ಅರ್ಥವಾಗದ ಅಜ್ಜನ ಕಾಲದ ಫ್ರೆಂಚಿನಲ್ಲಿ.
ನಾಲ್ಕನೇ ಸಲಕ್ಕೆ ಎಂಟೂವರೆ, ಎಂಟೂವರೆ.
ಗೆರೆಗಳು ಈಗ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಗಾಳಿ ಇಳಿದ ಮೇಲೆ ಕ್ಯಾಪ್ ರೂಜಿನವರೆಗೂ ಹೋಗಿ ಬಂದ.
"ಎಪ್ಪತ್ತಕ್ಕೆ ಬೆರಳು ಸಡಿಲಬಿಟ್ಟೆ.
ಹಳಿಯ ಮೇಲಿದ್ದಂತೆ ಹೋಯ್ತು."
ನಕ್ಕ. ಆಮೇಲೆ ಗಾಡಿಗೇ ಹೇಳಿದಂತೆ,
"ಅಂದರೆ ನಿನ್ನದು ಇಷ್ಟೇ ಇತ್ತು."
ಬಲಗೈ ಗ್ಲೌಸು ಮಾತ್ರ ಕಳಚಿ ಹಣ ಎಣಿಸಿದ.

ಹೊರಡುವ ಮುಂಚೆ ಮಳೆಕೋಟನ್ನು ಬಿಚ್ಚಿ
ಮತ್ತೆ ಕಟ್ಟಲು ನಿಂತ. ಗಂಟು ಜಾರಿತು,
ಇನ್ನೊಮ್ಮೆ ಜಾರಿತು.
ನಾನು, ಮಾವ
ಟೈರಿನಲ್ಲಿ ಸಿಕ್ಕ ಒಂದು ಕಲ್ಲನ್ನು
ಬಹಳ ಹೊತ್ತು ನೋಡುತ್ತ ನಿಂತೆವು.